‘ಸೇವೆ’ ಎಂದು ಬರೆದ ಕರಪತ್ರ

ಆ ಓಟಕ್ಕೆ ‘ಸೇವಾ ಓಟ’ ಎಂದು ಹೆಸರಿಟ್ಟವಳು ನಾನೇ. ಗದಗಿನಿಂದ ಹೊರಟು ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಬಳಸಿಕೊಂಡು ಮೂರನೆಯ ದಿನ ಬೆಟಗೇರಿಗೆ ಮರಳುವ ದೀರ್ಘ ಓಟ ಅದು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಂದ ಬಂದ ಇಪ್ಪತ್ತಾರು ಜನ ಓಡಿದರು. ನಮ್ಮ ಸುತ್ತಿನ ಮೂರು ಸಣ್ಣ ಗ್ರಾಮೀಣ ಸಂಸ್ಥೆಗಳಿಗೆ ನಿಧಿ ಕೂಡಿಸುವುದು ಅದರ ಉದ್ದೇಶ. ಮೂರರಲ್ಲಿ ಎರಡು ಹೇಗೋ ಉಸಿರು ಹಿಡಿದುಕೊಂಡಿವೆ. ಮೂರನೆಯದು ನಿಂತುಹೋಯಿತು. ಏಕೆ ನಿಂತಿತೆಂಬುದನ್ನು ನಾನು ಹಲವರಿಗೆ ಹಲವು ರೀತಿಯಲ್ಲಿ ವಿವರಿಸಿದ್ದೇನೆ: ಜನರ ತಿಳಿವಳಿಕೆಯ ಕೊರತೆ, ಸಂಘಟನೆಯ ದೋಷ, ಉಳ್ಳವರ ಉದಾಸೀನ. ಕೇಳಿದವರೆಲ್ಲ ತಲೆದೂಗಿದ್ದಾರೆ. ಇಲ್ಲಿ ಮಾತ್ರ ನಡೆದದ್ದನ್ನು ನಡೆದಂತೆ ಬರೆಯಲು ಪ್ರಯತ್ನಿಸುತ್ತೇನೆ.

ಮೂರನೆಯ ಸಂಸ್ಥೆ ಎಂದರೆ ಒಬ್ಬ ನರ್ಸು ಮತ್ತು ಒಂದು ಸ್ಕೂಟಿ, ಅಷ್ಟೇ. ಐವತ್ತು ದಾಟಿದ ಆ ನರ್ಸಮ್ಮ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಮೂತ್ರದ ನಳಿಕೆ ಬದಲಿಸಿ ಬರುತ್ತಿದ್ದರು. ಗದಗಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನಾನು ಪಾಠವಿಲ್ಲದ ಹೊತ್ತಿನಲ್ಲಿ ಅವರ ಹಿಂದೆ ಕುಳಿತು ಹೋಗುತ್ತಿದ್ದೆ. ನನ್ನಿಂದ ಆಗುತ್ತಿದ್ದ ಕೆಲಸ ಕಡಿಮೆ. ಹತ್ತಿಯ ಡಬ್ಬಿ ಹಿಡಿದು ನಿಲ್ಲುವುದು, ಮನೆಯವರಿಗೆ ಧೈರ್ಯ ಹೇಳುವುದು. ಧೈರ್ಯ ಹೇಳುವುದರಲ್ಲಿ ನನಗೆ ಪರಿಶ್ರಮವಿತ್ತು. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದು ಬಂದವಳು ನಾನು.

ಅಂತೂರ ಬೆಂತೂರದ ಒಂದು ಮನೆಗೆ ನಾವು ಮಂಗಳವಾರ ಮತ್ತು ಶನಿವಾರ ತಪ್ಪದೆ ಹೋಗುತ್ತಿದ್ದೆವು. ಆ ಮನೆಯ ಯಜಮಾನರು ಹೊಟ್ಟು ಹೇರಿದ್ದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡಿದ್ದರು. ಮಲಗಿ ಮಲಗಿ ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲದ ಹುಣ್ಣಾಗಿ ಅದು ಎಲುಬಿಗೆ ಮುಟ್ಟಿತ್ತು. ನರ್ಸಮ್ಮ ಒಂದು ವರ್ಷಕ್ಕೂ ಹೆಚ್ಚು ಕಾಲ ದುಡಿದು ಅದನ್ನು ಬುಡದಿಂದ ತುಂಬಿಸಿಕೊಂಡು ಬಂದಿದ್ದರು. ‘ಮ್ಯಾಲಿಂದ ಮುಚ್ಚಿದ್ರ ಮೋಸ ಆಕ್ಕೈತ್ರಿ. ಒಳಗ ಕೀವು ಉಳಿತೈತಿ. ಬುಡದಿಂದ ತುಂಬಿ ಬರಬೇಕು. ಇನ್ನ ಆರು ತಿಂಗಳು ಕೈ ಬಿಡದಂಗ ನೋಡ್ಕೊಂಡ್ರ ಪೂರ್ತಿ ಕೂಡತೈತಿ,’ ಎಂದು ಅವರು ನನಗೆ ಹೇಳಿದ್ದರು.

ಆ ಆರು ತಿಂಗಳೇ ಪ್ರಶ್ನೆಯಾಯಿತು. ನರ್ಸಮ್ಮನ ಸಂಬಳವನ್ನೂ ಔಷಧಿಯ ಖರ್ಚನ್ನೂ ದೂರದಿಂದ ಕಳಿಸುತ್ತಿದ್ದ ದಾನಿಯೊಬ್ಬರು ಕೈ ಎತ್ತಿದರು. ಸಂಸ್ಥೆ ನಡೆಸುತ್ತಿದ್ದ ನಾಲ್ವರು ಹಿರಿಯರು, ಅರ್ಧ ವರ್ಷದ ಖರ್ಚು ಕೈಯಲ್ಲಿ ಬಂದರೆ ಮುಂದುವರಿಸೋಣ, ಇಲ್ಲವಾದರೆ ಮುಂದಿನ ತಿಂಗಳ ಕೊನೆಗೆ ನಿಲ್ಲಿಸೋಣ ಎಂದು ತೀರ್ಮಾನಿಸಿದರು. ನಾನು ಓಟದ ವಿಚಾರ ತೆಗೆದದ್ದು ಆ ಸಭೆಯಲ್ಲಿ. ಓಟಗಾರರು ಕಟ್ಟುವ ಪ್ರವೇಶ ಶುಲ್ಕ ಅವರ ನೀರು, ವಾಹನ, ವಸತಿಗೆ ಸರಿಹೋಗುತ್ತದೆ. ದಾರಿಯ ಊರುಗಳು ಓಟವನ್ನು ಕಂಡು ಉತ್ಸಾಹಗೊಂಡು ಕೊಡುವುದೆಲ್ಲ ನಮ್ಮ ನಿಧಿ. ಹೊರಗಿನ ಒಬ್ಬ ದಾನಿಯನ್ನು ನೆಚ್ಚಿ ಕೂರುವುದಕ್ಕಿಂತ ನಮ್ಮ ಊರುಗಳು ನಮ್ಮ ರೋಗಿಗಳ ಹೊಣೆಯನ್ನು ತಾವೇ ಹೊರುವುದು ಹೆಚ್ಚು ಘನತೆಯದು ಎಂದು ವಾದಿಸಿದೆ. ಇವತ್ತಿಗೂ ಆ ಮಾತು ತಪ್ಪೆಂದು ನನಗೆ ಅನಿಸುವುದಿಲ್ಲ.

ಶನಿವಾರ ಹೋದಾಗ ಈ ಸುದ್ದಿಯನ್ನು ಯಜಮಾನರಿಗೆ ತಿಳಿಸಿದೆ. ಬೋರಲು ಮಲಗಿದ್ದ ಅವರು ದಿಂಬಿನೊಳಗೇ ನಕ್ಕರು.

‘ಕಾಲು ಇದ್ದವ್ರಿಗೆ ಸುಮ್ನ ಕುಂಡ್ರಾಕ ಆಗೂದಿಲ್ಲ ನೋಡ್ರಿ. ಓಡಾಕ ಏನರ ಒಂದು ನೆವ ಬೇಕು. ಅದಕ್ಕ ನನ್ನ ಬೆನ್ನು ಸಿಕ್ತು.’

‘ಬಾಯಿ ಮುಚ್ಚಿಕೊಂಡು ಮಲ್ಕೋರಿ ಸುಮ್ನ,’ ಎಂದು ಅವರ ಹೆಂಡತಿ ಗದರಿದರು. ‘ನಿಮ್ಮ ಸಲುವಾಗಿ ಅಷ್ಟು ದೂರದಿಂದ ಬರತಾರ. ಅಕ್ಕೋರ, ನೀವು ಇವ್ರ ಮಾತು ಮನಸಿಗಿ ಹಚ್ಕೋಬ್ಯಾಡ್ರಿ. ಓಟ ನಮ್ಮೂರ ಮ್ಯಾಲೆ ಹಾಯ್ತೈತೇನ್ರಿ?’

‘ಹಾಯುತ್ತದೆ,’ ಎಂದೆ. ಓಟ ಆ ಊರಿನ ಮೇಲೆ ಹಾಯಲಿ ಎಂದೇ ನಾನು ದಾರಿಯನ್ನು ತಿರುಗಿಸಿದ್ದೆ.

ಕರಪತ್ರವನ್ನು ನಾನು ನಾಲ್ಕು ಸಲ ತಿದ್ದಿ ಬರೆದೆ. ‘ದೇಣಿಗೆ’, ‘ಹಣ’, ‘ವಂತಿಗೆ’ ಈ ಯಾವ ಪದವೂ ಅದರಲ್ಲಿ ಬರಬಾರದೆಂದು ನಿಶ್ಚಯಿಸಿದ್ದೆ. ಮಾನವೀಯ ಕಾರ್ಯವೊಂದನ್ನು ಬೇಡುವ ಭಾಷೆಯಲ್ಲಿ ಹೇಳಬಾರದು ಎಂಬುದು ನನ್ನ ನಿಲುವು. ಕೊನೆಗೆ ಉಳಿದ ವಾಕ್ಯ ಇದು: ‘ನಡೆಯಲಾರದವರಿಗಾಗಿ ಇವರು ಓಡಿ ಬರುತ್ತಿದ್ದಾರೆ, ಪ್ರತಿಯೊಂದು ಊರೂ ತನ್ನ ಸೇವೆಯನ್ನು ಯಥಾಶಕ್ತಿ ಸಲ್ಲಿಸಲಿ.’ ಬರೆದು ಗಟ್ಟಿಯಾಗಿ ಓದಿಕೊಂಡಾಗ ನನಗೆ ಬಹಳ ಸಂತೋಷವಾಯಿತು.

ಬೆಟಗೇರಿಯಲ್ಲಿ ಮಗ್ಗದ ಓಣಿಗೆ ಹೊಂದಿಕೊಂಡು ಒಂದು ಮುದ್ರಣಾಲಯವಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಉರುಸಿನ ಭಿತ್ತಿಪತ್ರ ಎಲ್ಲವನ್ನೂ ಮುದ್ರಿಸಿ ಮುದ್ರಿಸಿ ಅದರ ಮಾಲೀಕರಿಗೆ ಸುತ್ತಲಿನ ಜನ ಹೇಗೆ ಓದುತ್ತಾರೆಂಬುದು ಕರತಲಾಮಲಕ. ಅವರು ನನ್ನ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದರು.

‘ಅಕ್ಕೋರ, ನಿಮಗ ರೊಕ್ಕ ಬೇಕಾಗೇತಿ, ಹೌದಿಲ್ಲೋ?’

‘ಹೌದು.’

‘ಮತ್ತ ಹಂಗ ಬರೀರಿ. “ಪಟ್ಟಿ ಎತ್ತತೇವಿ, ಮನಿಗಿಷ್ಟು ಕೊಡ್ರಿ” ಅಂತ ಹಾಕ್ರಿ. ಸೇವಾ ಅಂದ್ರ ನಮ್ಮ ಮಂದಿ ಬ್ಯಾರೆ ತಿಳೀತಾರ.’

ನಮ್ಮ ಕಡೆ ಊರ ಕೆಲಸಕ್ಕೆ ಮನೆಮನೆಯಿಂದ ಇಂತಿಷ್ಟು ಎಂದು ಕೂಡಿಸುವುದಕ್ಕೆ ‘ಪಟ್ಟಿ ಎತ್ತುವುದು’ ಎನ್ನುತ್ತಾರೆ. ನನಗೆ ಆ ಮಾತು ಒರಟೆನಿಸಿತು. ಪಟ್ಟಿ ಎಂದರೆ ಒತ್ತಾಯ, ಸೇವೆ ಎಂದರೆ ಸ್ವಂತ ಇಚ್ಛೆ. ಒತ್ತಾಯದಿಂದ ಬಂದದ್ದು ಒಂದು ವರ್ಷ ನಿಲ್ಲುತ್ತದೆ, ಇಚ್ಛೆಯಿಂದ ಬಂದದ್ದು ರೂಢಿಯಾಗುತ್ತದೆ ಎಂದು ಅವರಿಗೆ ವಿವರಿಸಿದೆ. ಅವರು ಒಂದೊಂದಕ್ಕೂ ‘ಹೌದ್ರಿ’ ಎನ್ನುತ್ತಾ ಹೋದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

‘ನಿಮ್ಮ ಸಂಗಾಟ ಮಾತಿನ್ಯಾಗ ಗೆಲ್ಲಾಕ ಆಗೂದಿಲ್ರಿ. ಆತು, ಸೇವಾನ ಇರ್ಲಿ. ಎಷ್ಟು ಸಾವಿರ ಹೊಡೀಲಿ?’

ಓಟಕ್ಕೆ ಎರಡು ವಾರ ಮುಂಚೆ ನಾನು ದಾರಿಯ ಊರುಗಳಿಗೆಲ್ಲ ಹೋಗಿ ಬಂದೆ. ಎಲ್ಲಿಯೂ ಒಬ್ಬರೂ ಮುಖ ಸಿಂಡರಿಸಲಿಲ್ಲ. ಅಂತೂರ ಬೆಂತೂರದ ಕಟ್ಟೆಯ ಮೇಲೆ ಕರಪತ್ರ ಓದಿ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತು, ‘ನಮ್ಮೂರ ಸೇವಾದಾಗ ಕಮ್ಮಿ ಆಗೂದಿಲ್ಲ ಬಿಡ್ರಿ ಅಕ್ಕೋರ. ಎಷ್ಟು ಮಂದಿ ಬರತಾರ?’ ಎಂದು ಕೇಳಿದರು.

‘ಇಪ್ಪತ್ತಾರು.’

‘ಸಂಗಾಟ ಗಾಡಿಯವ್ರು ಅವ್ರು ಇವ್ರು ಸೇರಿ?’

‘ನಲವತ್ತು ಆಗಬಹುದು.’

‘ಎಷ್ಟೊತ್ತಿಗಿ ಮುಟ್ಟತಾರ?’

‘ಬೆಳಿಗ್ಗೆ ಎಂಟರೊಳಗೆ.’

‘ಜಲ್ದಿ ಆತು. ಇರ್ಲಿ, ಮಾಡೂಣು.’

ಮುಳಗುಂದದಲ್ಲಿಯೂ ಶಿರಹಟ್ಟಿಯ ದಾರಿಯ ಹಳ್ಳಿಗಳಲ್ಲಿಯೂ ಇದೇ ಪ್ರಶ್ನೆಗಳು. ಎಷ್ಟು ಜನ, ಎಷ್ಟು ಹೊತ್ತಿಗೆ. ಹಳ್ಳಿಗರು ಕಾರ್ಯಕ್ರಮದ ವಿವರದಲ್ಲಿ ಇಷ್ಟು ಆಸಕ್ತಿ ತೋರಿದ್ದನ್ನು ಕಂಡು ನಾನು ಡೈರಿಯಲ್ಲಿ ಹರ್ಷದಿಂದ ಬರೆದುಕೊಂಡೆ. ಆ ಪುಟವನ್ನು ಈಗ ತೆರೆಯಲು ಮನಸ್ಸಾಗುವುದಿಲ್ಲ.

ಓಟದ ದಿನ ನಾನು ಮುಂದಿನ ಜೀಪಿನಲ್ಲಿದ್ದೆ. ಊರ ಹತ್ತಿರ ಬರುತ್ತಲೇ ಡೊಳ್ಳಿನ ಸದ್ದು ಕೇಳಿಸಿತು. ರಸ್ತೆಗೆ ನೀರು ಹೊಡೆದು ರಂಗೋಲಿ ಹಾಕಿದ್ದರು. ಶಾಮಿಯಾನದ ಕೆಳಗೆ ಜಮಖಾನ ಹಾಸಿತ್ತು. ಅದರ ಮುಂದೆ ಸಾಲಾಗಿ ತಾಮ್ರದ ಕೊಡಗಳು. ಅವು ಓಡಿ ಬಂದವರ ಕಾಲು ತೊಳೆಯುವುದಕ್ಕೆ. ಆಚೆ ಕಲ್ಲಿನ ಒಲೆಗಳ ಮೇಲೆ ಎರಡು ಕೊಪ್ಪರಿಗೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಬುಟ್ಟಿಗಳಲ್ಲಿ ಎದೆಯೆತ್ತರಕ್ಕೆ ರೊಟ್ಟಿ, ಡಬರಿಗಳಲ್ಲಿ ಎಣ್ಣೆಗಾಯಿ ಪಲ್ಯ, ಮೊಸರು, ಚಟ್ನಿ. ದೇವರಿಗೆ ನಡೆದು ಹೋಗುವ ಪಾದಯಾತ್ರಿಗಳನ್ನು ನಮ್ಮ ಹಳ್ಳಿಗಳು ಹೇಗೆ ಎದುರುಗೊಳ್ಳುತ್ತವೆಯೋ ಥೇಟ್ ಹಾಗೆ. ದಾರಿಯಲ್ಲಿ ನಡೆದು ಬಂದವನಿಗೆ ಉಣಬಡಿಸುವುದಕ್ಕೆ ನಮ್ಮಲ್ಲಿ ಒಂದೇ ಹೆಸರು, ಸೇವಾ. ನಾನು ಹುಟ್ಟಿದಂದಿನಿಂದ ಕೇಳಿದ ಹೆಸರು ಅದು. ಬರೆಯುವಾಗ ಹೇಗೆ ಮರೆತೆನೋ ತಿಳಿಯದು.

ಅಡುಗೆಯ ಹೆಂಗಸರ ನಡುವಿನಿಂದ ಹಾಸಿಗೆ ಹಿಡಿದ ಯಜಮಾನರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು. ಒಲೆಯ ಝಳಕ್ಕೆ ಅವರ ಕಣ್ಣು ಕೆಂಪಾಗಿದ್ದವು.

‘ಅಕ್ಕೋರ, ನೂರಾ ಇಪ್ಪತ್ತು ರೊಟ್ಟಿ ನಾ ಒಬ್ಬಾಕೀನ ಬಡದೀನಿ ನೋಡ್ರಿ. ನಮ್ಮ ಮನಿ ಜ್ವಾಳ. ಇವ್ರ ಸಲುವಾಗಿ ಓಡವ್ರಿಗೆ ನಮ್ಮ ಮನೀದು ಮೊದಲ ಇರಬೇಕು ಅಂದೆ.’

ಆ ಹೊತ್ತಿಗೆ ಓಟಗಾರರು ಬಂದರು. ಬಂದರು, ಕೈ ಮುಗಿದರು, ನಿಲ್ಲದೆ ಮುಂದೆ ಹೋದರು. ನಾನು ಜೀಪಿನಿಂದ ಇಳಿದು ಓಡಿ ಹೋಗಿ ತಂಡದ ಹಿರಿಯರನ್ನು ತಡೆದೆ. ಬೆಂಗಳೂರಿನ ಆ ಸಜ್ಜನರು ನಿಂತಲ್ಲೇ ಕಾಲು ಕುಣಿಸುತ್ತಾ ಅಂಗಲಾಚಿದರು:

‘ಮೇಡಂ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಇನ್ನೂ ಎಷ್ಟು ದೂರ ಇದೆ ನಿಮಗೇ ಗೊತ್ತು. ಈಗ ಇದನ್ನ ತಿಂದ್ರೆ ಓಡೋಕೇ ಆಗಲ್ಲ, ದಾರೀಲಿ ಮಲಗಿಬಿಡ್ತೀವಿ. ನಮಗೆ ಉಪ್ಪಿನ ನೀರು, ಬಾಳೆಹಣ್ಣು ಅಷ್ಟೇ.’

ಅವರ ಮಾತು ಸತ್ಯ. ಅವರು ನಮ್ಮ ವಾಹನದಿಂದಲೇ ಬಾಳೆಹಣ್ಣು ತೆಗೆದುಕೊಂಡು ಹೊರಟರು. ಡೊಳ್ಳು ತಾನಾಗಿ ನಿಂತಿತು. ಕಾಲು ತೊಳೆಯಲು ತಂಬಿಗೆ ಹಿಡಿದು ಬಗ್ಗಿದ್ದ ಮುದುಕಿಯೊಬ್ಬಳು ಬಗ್ಗಿದ ಹಾಗೆಯೇ ತಲೆ ಎತ್ತಿ, ‘ಯಾಕಬೇ, ನಮ್ಮೂರ ನೀರು ಕಾಲಿಗೂ ಸಾಲೂದಿಲ್ಲೇನ ಇವ್ರಿಗೆ?’ ಎಂದಳು. ಯಾರೋ ನಕ್ಕರು. ಉಳಿದವರು ನಗಲಿಲ್ಲ.

ಕಟ್ಟೆಯ ಹಿರಿಯರ ಬಳಿ ಹೋಗಿ ನಾನು ತಗ್ಗಿದ ದನಿಯಲ್ಲಿ, ನರ್ಸಮ್ಮನ ಕೆಲಸಕ್ಕೆಂದು ಊರಿನಿಂದ ಏನಾದರೂ ಕೂಡಿದೆಯೇ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

‘ಕೂಡ್ಸೀವಲ್ರಿ. ಮನಿಮನಿಗಿ ಎತ್ತೀವಿ. ಅದ ಇದು,’ ಎಂದು ಕೊಪ್ಪರಿಗೆಯ ಕಡೆ ಕೈ ತೋರಿಸಿದರು. ‘ನೀವ ಹೇಳಿದ್ರೆಲ್ಲ, ಬರೂ ಮಂದಿಗೆ ಸೇವಾ ಮಾಡ್ರಿ ಅಂತ. ಚೀಟ್ಯಾಗೂ ಹಂಗ ಐತಿ.’

ಮುಂದಿನ ಊರುಗಳಿಗೆ ಜೀಪಿನಿಂದಲೇ ಫೋನು ಮಾಡಿದೆ. ತಡವಾಗಿತ್ತು. ಮುಳಗುಂದದಲ್ಲಿ ಶಿರಾ ಉಪ್ಪಿಟ್ಟು, ಲಕ್ಷ್ಮೇಶ್ವರದಲ್ಲಿ ಒಬ್ಬೊಬ್ಬರಿಗೂ ಶಾಲು ಮತ್ತು ಹಾರ. ಮರುದಿನ ಶಿರಹಟ್ಟಿಯಲ್ಲಿ ಎಲೆ ಹಾಕಿ ಬಡಿಸಿಯೇ ಬಿಟ್ಟಿದ್ದರು. ಹಿಂದಿನ ದಿನದ ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ‘ಅಂತೂರ ಬೆಂತೂರದಾಗ ಉಣ್ಣಲಿಲ್ಲಂತ. ಇಲ್ಲಿ ಉಣ್ಣಲಿಲ್ಲಂದ್ರ ಬಿಡೂದಿಲ್ಲ ಮತ್ತ,’ ಎಂದು ಜನ ದಾರಿಗೆ ಅಡ್ಡವಾಗಿ ನಿಂತರು. ಓಟಗಾರರು ನಾಚಿಕೆಯಿಂದ ಕುಳಿತು ಉಂಡರು. ಮುಂಡರಗಿಯ ದಾರಿಯಲ್ಲಿ ಬಿಸಿಲು ಏರುತ್ತಿದ್ದ ಹಾಗೆ ಆರು ಮಂದಿ ರಸ್ತೆಯ ಬದಿಗೆ ಕುಳಿತು ವಾಂತಿ ಮಾಡಿಕೊಂಡರು. ಅವರನ್ನು ನಾನೇ ವಾಹನಕ್ಕೆ ಹತ್ತಿಸಿದೆ. ‘ನಿಮ್ಮ ಜನ ತುಂಬಾ ಒಳ್ಳೆಯವರು ಮೇಡಂ,’ ಎಂದು ಅವರಲ್ಲೊಬ್ಬ ಯುವತಿ ಬಾಯಿ ಒರೆಸಿಕೊಳ್ಳುತ್ತಾ ಹೇಳಿದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾನು ಬೇರೆ ಕಡೆ ಮುಖ ತಿರುಗಿಸಿದೆ.

ಮುಂಡರಗಿಯ ಶಿಕ್ಷಕರ ಗುಂಪೊಂದು ಮಾತ್ರ ಲಕೋಟೆಯಲ್ಲಿ ಹಣ ಕೊಟ್ಟಿತು. ಬೆಟಗೇರಿಯ ಸಮಾರೋಪದಲ್ಲಿ ಇನ್ನಷ್ಟು ಬಂತು. ಮೂರು ಸಂಸ್ಥೆಗಳಿಗೆ ಹಂಚಿದ ಮೇಲೆ ನರ್ಸಮ್ಮನ ಪಾಲಿಗೆ ಒಂದು ತಿಂಗಳೂ ದಾಟದಷ್ಟು ಉಳಿಯಿತು.

ನಾಲ್ವರು ಹಿರಿಯರ ಸಭೆಯಲ್ಲಿ ನಾನು ಒಂದು ಗಂಟೆ ಮಾತಾಡಿದೆ. ತಪ್ಪು ಕರಪತ್ರದ್ದು, ಜನರದ್ದಲ್ಲ. ಇಷ್ಟು ಅನ್ನ ಕೊಟ್ಟ ಊರುಗಳು ಸರಿಯಾಗಿ ಕೇಳಿದರೆ ಹಣವನ್ನೂ ಕೊಡುತ್ತವೆ. ಇನ್ನು ಎರಡು ತಿಂಗಳ ಅವಕಾಶ ಕೊಡಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಹಿರಿಯರಲ್ಲಿ ಒಬ್ಬರು ನಿಧಾನವಾಗಿ ಉತ್ತರಿಸಿದರು:

‘ನೀವು ಹೇಳೂದರಾಗ ಒಂದು ಮಾತೂ ಸುಳ್ಳಿಲ್ರಿ. ಎಲ್ಲಾ ಖರೆ. ಆದ್ರ ಊರವ್ರು ತಮ್ಮ ಕೈಲಾದದ್ದು ಒಮ್ಮೆ ಮಾಡಿಬಿಟ್ಟಾರ. ಈಗ ಮತ್ತ ಹೋಗಿ, ಅದು ಅಲ್ಲ, ಇದು ಕೊಡ್ರಿ ಅನ್ನಾಕ ನನಗಂತೂ ಬಾಯಿ ಬರೂದಿಲ್ಲ. ನಿಮಗ ಬರತೈತೇನು?’

ನಾನು ಪ್ರಯತ್ನಿಸಿದೆ. ಮೂರು ಊರುಗಳಿಗೆ ಹೋದೆ. ಚಹಾ ಕೊಟ್ಟರು, ಓಟದ ಮಾತಾಡಿದರು, ಉಳಿದ ಹುಗ್ಗಿಯನ್ನು ಎತ್ತುಗಳಿಗೆ ಹಾಕಿದ್ದನ್ನು ಹೇಳಿದರು. ಹಣದ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ತಿಂಗಳ ಕೊನೆಯ ಶನಿವಾರ ನರ್ಸಮ್ಮ ಅಂತೂರ ಬೆಂತೂರಕ್ಕೆ ಕಡೆಯ ಸಲ ಹೊರಟಾಗ ನಾನೂ ಹೋದೆ. ಅವರಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು. ಆ ದಿನ ಅವರು ಹುಣ್ಣನ್ನು ತಾವು ಮುಟ್ಟಲಿಲ್ಲ. ಹೆಂಡತಿಯ ಕೈಯಿಂದಲೇ ಎಲ್ಲ ಮಾಡಿಸಿದರು. ಮೊದಲು ಬಳೆ ತೆಗೆಸಿದರು, ಮೊಣಕೈಯವರೆಗೆ ಸೋಪಿನಿಂದ ತೊಳೆಸಿದರು, ಕಾಯಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದುವುದನ್ನೂ ಅದನ್ನು ಗಾಯದ ಒಳಗೆ ಸಡಿಲವಾಗಿ ಇಡುವುದನ್ನೂ ತೋರಿಸಿದರು.

‘ಬಿಗೀಬ್ಯಾಡ್ರಿ. ಒತ್ತಬ್ಯಾಡ್ರಿ. ಹೂವು ಇಟ್ಟಂಗ ಇಡ್ರಿ.’

ಆಕೆಯ ಕಣ್ಣೀರು ಗಲ್ಲದಿಂದ ಇಳಿದು ಗಾಯದ ಮೇಲೆ ಬಿದ್ದೀತೆಂದು ನರ್ಸಮ್ಮ ತಮ್ಮ ಕರವಸ್ತ್ರದಿಂದ ಒರೆಸುತ್ತಿದ್ದರು.

‘ನನಗ ಏನೂ ಗೊತ್ತಾಗೂದಿಲ್ಲ, ನೀ ಯಾಕ ಅಳತಿ ಹುಚ್ಚಿ,’ ಎಂದರು ಯಜಮಾನರು ದಿಂಬಿನೊಳಗಿನಿಂದ. ‘ಗೋಡಿಗೆ ಸಗಣಿ ಸಾರಿಸಿದಂಗ ಸಾರಿಸು, ಆತು.’

ನರ್ಸಮ್ಮ ಪಾತ್ರೆ ತೊಳೆಯಲು ಹೊರಗೆ ಹೋದಾಗ ಆಕೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು.

‘ಅಕ್ಕೋರ, ಒಂದು ಕೇಳ್ತೀನಿ, ಖರೆ ಹೇಳ್ರಿ. ಅವತ್ತು ಅವ್ರು ಉಣ್ಣದ ಹೋದದ್ದು ನನ್ನ ರೊಟ್ಟಿ ಸಲುವಾಗಿ ಏನ್ರಿ? ಈ ಕೈಲೆ ಇವ್ರದು ಹೇಲು ಉಚ್ಚಿ ತೆಗೀತೇನಿ, ಈ ಕೈಲೇನ ಬಡದಾಳ ಅಂತ ಅವ್ರಿಗೆ ಗೊತ್ತಾಗಿತ್ತೇನ್ರಿ? ಊರಾಗ ಹಂಗ ಅನ್ನಾಕತ್ತಾರ.’

ಇಲ್ಲ ಎಂದೆ. ಓಡುವವರ ಹೊಟ್ಟೆಯ ವಿಚಾರ ಹೇಳಿದೆ, ಎಲ್ಲ ಊರುಗಳಲ್ಲೂ ಹೀಗೇ ಆಯಿತೆಂದೆ, ಕರಪತ್ರದಲ್ಲಿ ನಾನು ಬರೆದ ಪದದ ತಪ್ಪನ್ನು ಬಿಡಿಸಿ ಬಿಡಿಸಿ ವಿವರಿಸಿದೆ. ನರ್ಸಮ್ಮ ಬರದಿರುವುದಕ್ಕೆ ಕಾರಣ ನಾನು, ನೀವಲ್ಲ ಎಂದೆ. ಆಕೆ ಪೂರ್ತಿ ಕೇಳಿದರು.

‘ನೀವು ದೊಡ್ಡವ್ರು, ನಿಮ್ಮ ಮ್ಯಾಲೆ ಹಾಕ್ಕೋತೀರಿ,’ ಎಂದು ನನ್ನ ಕೈ ಸವರಿದರು. ‘ಸೇವಾ ಮುಟ್ಟಲಿಲ್ಲ, ಅಷ್ಟ. ಮುಟ್ಟಿದ್ರ ಇವ್ರಿಗೆ ಆರಾಮ ಆಗ್ತಿತ್ತು.’

ಸತ್ಯವನ್ನು ಅಷ್ಟು ಸ್ಪಷ್ಟವಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಅಷ್ಟು ಪೂರ್ತಿಯಾಗಿ ಯಾರೂ ಅದನ್ನು ನಂಬದೆ ಹೋದದ್ದೂ ಇಲ್ಲ.

ಅಂದಿನಿಂದ ನಾನು ಭಾನುವಾರಗಳಂದು ಬಸ್ಸಿನಲ್ಲಿ ಒಬ್ಬಳೇ ಹೋಗುತ್ತಿದ್ದೇನೆ. ನಾಲ್ಕು ವಾರ ಗಾಯ ಹಾಗೆಯೇ ಇತ್ತು. ಐದನೆಯ ವಾರ ಅಂಚು ಕಪ್ಪಾಯಿತು. ಆಕೆ ಹಗಲು ಕೂಲಿಗೆ ಹೋಗಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲು ಮನೆಯಲ್ಲಿ ಮತ್ತೊಬ್ಬರಿಲ್ಲ. ಯಜಮಾನರನ್ನು ಗದಗಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿಯವರು ತೊಳೆದು, ಮದ್ದು ಬರೆದು, ದಿನಾ ಬದಲಿಸಬೇಕೆಂದು ಹೇಳಿ ಕಳಿಸಿದರು. ನಾನು ಫೋನಿನಲ್ಲಿ ಕಳಿಸಿದ ಚಿತ್ರ ನೋಡಿ ನರ್ಸಮ್ಮ ಹುಬ್ಬಳ್ಳಿಯಿಂದ, ಹಗಲು ಮಗ್ಗುಲು ಬದಲಿಸುವವರು ಯಾರಾದರೂ ಸಿಕ್ಕರೇ ಎಂದು ಕೇಳಿದರು.

ಕಳೆದ ಭಾನುವಾರ ಹೊಸ್ತಿಲಲ್ಲಿ ನಿಂತಾಗಲೇ ವಾಸನೆ ತಿಳಿಯಿತು. ಆಕೆ ಪಟ್ಟಿ ಬಿಚ್ಚಿದರು. ಒಳಗೆ ಬೆಳ್ಳಗೆ ಎಲುಬು ಕಾಣಿಸುತ್ತಿತ್ತು. ಬೆನ್ನಿನ ಮೇಲಿನದು ಯಜಮಾನರಿಗೆ ಕಾಣುವುದಿಲ್ಲ, ನೋವೂ ತಿಳಿಯುವುದಿಲ್ಲ. ಹೆಂಡತಿ ಹೇಳಿದಷ್ಟೇ ಅವರಿಗೆ ಗೊತ್ತು.

‘ಹೆಂಗೈತಿ?’ ಎಂದು ಕೇಳಿದರು.

ಆಕೆ ನನ್ನ ಮುಖ ನೋಡಿದರು. ‘ಕೂಡಾಕತ್ತೈತಿ,’ ಎಂದರು.

‘ನೀ ದಿನಾ ಹಂಗ ಅಂತಿ. ಅಕ್ಕೋರ, ನೀವು ಹೇಳ್ರಿ. ನೀವು ಸುಳ್ಳು ಹೇಳವ್ರಲ್ಲ. ಕೂಡಾಕತ್ತೈತೇನ್ರಿ ಖರೇನ?’

‘ಖರೆ,’ ಎಂದೆ. ‘ಬುಡದಿಂದ ತುಂಬಿ ಬರುತ್ತಿದೆ.’

ಅವರು ಸಮಾಧಾನದಿಂದ ದಿಂಬಿಗೆ ಕೆನ್ನೆ ಇಟ್ಟರು. ಆಕೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿದರು, ನಾನು ಹತ್ತಿಯ ಡಬ್ಬಿಯ ಮುಚ್ಚಳ ತೆಗೆದೆ.